ಅಗಲಿದ ಹಿರಿಯರ ಹೆಸರು: ಕಾಗವಾಡದ ಶಾಸನವೂ ನಮ್ಮ ಮರಣ ದಾಖಲೆಯೂ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಿರಜಿಗೆ ಹೋಗುವ ಹಾದಿಯ ಮೇಲೆ, ಕಾಗವಾಡವೆಂಬ ಊರಿದೆ. ಅಲ್ಲಿಯ ಹಳೆಯ ಜೈನ ಬಸದಿಯ ನೆಲಮಾಳಿಗೆಯಲ್ಲಿ ಶಕ 1316ರ, ಎಂದರೆ ಕ್ರಿ.ಶ. 1394ರ, ಶಾಸನವೊಂದು ಉಳಿದುಬಂದಿದೆ. ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣಕ್ಕೆ ಸೇರಿದ ಗುರುಗಳನ್ನು ಅದು ಹೆಸರಿಸುತ್ತದೆ: ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರ. ಮೊದಲನೆಯವರಿಗೆ ತುಳುವರಾಜ್ಯಸ್ಥಾಪನಾಚಾರ್ಯರೆಂಬ ಬಿರುದನ್ನೂ ಕೊಡುತ್ತದೆ. ಇತಿಹಾಸಕಾರರಿಗೆ ಈ ಶಾಸನದಲ್ಲಿ ಆಸಕ್ತಿ ಮೂಡಲು ಬೇರೊಂದು ಕಾರಣವಿದೆ. ಯಾಪನೀಯರೆಂಬ ಪಂಥ ಇಂದು ಎಲ್ಲಿಯೂ ಇಲ್ಲ. ಆ ಪಂಥದ ಹೆಸರು ಕಾಣಿಸಿಕೊಳ್ಳುವ ತೀರ ಈಚಿನ ಶಾಸನಗಳಲ್ಲಿ ಇದೂ ಒಂದು. ಹದಿನಾಲ್ಕನೆಯ ಶತಮಾನದ ಆಚೆಗೆ ಅವರ ಜಾಡು ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅವರ ಬಸದಿಗಳೂ ಬಿಂಬಗಳೂ ದಿಗಂಬರರ ಪೂಜೆಯಲ್ಲಿ ಮುಂದುವರಿದವು. ಅವರನ್ನು ತಮ್ಮ ಹಿರಿಯರೆಂದು ಕರೆದುಕೊಳ್ಳುವವರು ಮಾತ್ರ ಉಳಿಯಲಿಲ್ಲ.

ಅವರ ಜಾಡು ಮೊದಲು ಕಾಣಿಸುವುದೂ ಇದೇ ಜಿಲ್ಲೆಯಲ್ಲಿಯೇ. ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳಲ್ಲಿ ಒಂದು ಮೃಗೇಶವರ್ಮನದು. ಐದನೆಯ ಶತಮಾನದ ಉತ್ತರಾರ್ಧದ ಈ ಅರಸ, ತೀರಿಹೋದ ತನ್ನ ತಂದೆ ಶಾಂತಿವರ್ಮನ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ, ಎಂದರೆ ಇಂದಿನ ಹಲಸಿಯಲ್ಲಿ, ಜಿನಾಲಯವೊಂದನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ದಾನವಿತ್ತ. ದಾನ ಪಡೆದವರ ಸಾಲಿನಲ್ಲಿ ನಿರ್ಗ್ರಂಥರು ಮತ್ತು ಕೂರ್ಚಕರ ಜೊತೆಗೆ ಯಾಪನೀಯರಿದ್ದಾರೆ. ಹಲಸಿಯಿಂದ ಕಾಗವಾಡದವರೆಗಿನ ಒಂಬೈನೂರಕ್ಕೂ ಮಿಕ್ಕ ವರ್ಷಗಳ ಈ ಚರಿತ್ರೆ ಒಬ್ಬ ಮೃತ ತಂದೆಯ ನೆನಪಿನಿಂದ ಮೊದಲಾಗಿ ಗುರುಪರಂಪರೆಯ ನೆನಪಿನಲ್ಲಿ ನಿಲ್ಲುತ್ತದೆ. ಇದು ಯಾರೂ ಯೋಜಿಸಿದ್ದಲ್ಲ, ಕಲ್ಲು ತಾಮ್ರಗಳು ಉಳಿದ ಬಗೆ ಹಾಗಿದೆ. ಆದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಸೇವೆ ಮಾಡಿದ, ಮಾಡಲಿರುವ ಗುರುಗಳ ಮುಂದೆ ಈ ಸಂಗತಿಯನ್ನು ಇಡಬೇಕೆಂದು ನಮಗೆ ಅನ್ನಿಸಿದೆ. ಸಮುದಾಯವೊಂದು ತನ್ನ ಅಗಲಿದ ಹಿರಿಯರನ್ನು ಹೇಗೆ ಬರೆದಿಡುತ್ತದೆ ಎಂಬುದು ಅದರ ದೇವತತ್ತ್ವವನ್ನು ಕುರಿತ ಪ್ರಶ್ನೆಯೂ ಹೌದು.

ಜೈನರಲ್ಲಿ ಈ ಬರವಣಿಗೆಗೆ ನಿಷಿಧಿ ಎಂಬ ಹೆಸರಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಅತಿ ಹಳೆಯ ಶಾಸನಗಳಲ್ಲಿ ಬಹುಪಾಲು ಇಂಥವೇ: ಇಂಥವರು, ಇಂಥವರ ಶಿಷ್ಯರು, ಇಂಥ ವ್ರತವನ್ನು ಕೈಗೊಂಡು ಮುಡಿಪಿದರು. ಅಲ್ಲಿ ಸಂನ್ಯಾಸಿನಿಯರ ಹೆಸರುಗಳೂ ಇವೆ. ಹೆಣ್ಣಿಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲವೆಂದು ದಿಗಂಬರರು ಹೇಳುತ್ತಿದ್ದ ಕಾಲದಲ್ಲಿ ಯಾಪನೀಯರು ಇದೆಯೆಂದು ವಾದಿಸಿದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ ಈ ವಾದಕ್ಕಾಗಿಯೇ ಸ್ತ್ರೀಮುಕ್ತಿ ಪ್ರಕರಣವನ್ನು ಬರೆದ. ಮರಣವನ್ನು ಎದುರುಗೊಳ್ಳುವ ಬಗೆಯನ್ನು ಬೋಧಿಸುವ ಶಿವಾರ್ಯನ ಪ್ರಾಕೃತ ಆರಾಧನೆಯನ್ನು ಹಲವು ವಿದ್ವಾಂಸರು ಯಾಪನೀಯ ಕೃತಿಯೆಂದೇ ಎಣಿಸುತ್ತಾರೆ. ಕನ್ನಡದ ಅತಿ ಪ್ರಾಚೀನ ಗದ್ಯಕೃತಿಗಳಲ್ಲಿ ಒಂದಾದ ವಡ್ಡಾರಾಧನೆಯ ಹತ್ತೊಂಬತ್ತು ಕತೆಗಳಿಗೆ ಮೂಲ ಆ ಆರಾಧನೆಯ ಗಾಹೆಗಳು. ಹೀಗೆ ನಮ್ಮ ನುಡಿಯ ಕಥನಗದ್ಯ ತನ್ನ ಮೊದಲ ಹೆಜ್ಜೆಗಳಲ್ಲಿಯೇ, ಹಿರಿಯರು ಹೇಗೆ ಸತ್ತರು ಎಂಬುದನ್ನು ಹೇಳಲು ಕಲಿತಿತು. ಕನ್ನಡದಲ್ಲಿ ಉಪದೇಶ ಮಾಡುವ ನಾವು ಇದನ್ನು ಮರೆಯಬಾರದು. ಸಾವಿನ ಮನೆಯಲ್ಲಿ ನಾವು ಆಡುವ ಮಾತಿಗೆ ನಮಗಿಂತ ಸಾವಿರ ವರ್ಷ ಹಿರಿದಾದ ಪರಂಪರೆಯಿದೆ.

ಯಾಪನೀಯರ ಈ ಕತೆಯನ್ನು ಶಾಸನಗಳಿಂದಲೂ ಹಸ್ತಪ್ರತಿಗಳಿಂದಲೂ ಹೆಕ್ಕಿ ಜೋಡಿಸಿದವರಲ್ಲಿ ಪ್ರಮುಖರು ಆ ಸೀಮೆಯವರೇ. ಡಾ. ಆ. ನೇ. ಉಪಾಧ್ಯೆ 1906ರಲ್ಲಿ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದರು, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1975ರಲ್ಲಿ ತೀರಿಕೊಂಡರು. ಮರಾಠಿಯ ನಡುವೆ ಕುಳಿತು ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿದ ಈ ಕನ್ನಡಿಗ ಅಳಿದುಹೋದ ಪಂಥವೊಂದರ ಹೆಸರುಗಳನ್ನು ದಶಕಗಳ ಕಾಲ ಒಂದೊಂದಾಗಿ ಕೂಡಿಸಿಟ್ಟರು. ವಾರಸುದಾರರಿಲ್ಲದ ಮೃತರಿಗೂ ಒಬ್ಬ ಓದುಗ ದೊರೆಯಬಹುದು, ಆದರೆ ಅದಕ್ಕೆ ಯಾರಾದರೂ ಮೊದಲು ಬರೆದಿರಬೇಕು.

ಆ ಸೀಮೆಯಲ್ಲಿ ಹಿರಿಯರ ಮರಣಸ್ಮರಣೆ ಬರಿಯ ಪ್ರಾಚ್ಯವಸ್ತುವಲ್ಲ, ಇಂದಿಗೂ ಜೀವಂತ. ದೂಧಗಂಗಾ ವೇದಗಂಗಾ ನದಿಗಳು ಕೂಡುವಲ್ಲಿರುವ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದರು. ಸದಲಗಾದಲ್ಲಿಯೇ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಅದೇ ವ್ರತದಿಂದ ಅಗಲಿದರು. ಅಥಣಿಯ ಗಚ್ಚಿನಮಠದಲ್ಲಿ, 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ನೆನಪು ಇಂದಿಗೂ ಅಷ್ಟೇ ಗಾಢವಾಗಿದೆ. ಮುಸಲ್ಮಾನರಲ್ಲಿ ದರ್ಗಾಗಳ ಉರುಸು ಇದೆ. ಒಕ್ಕಲು ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ಯಾರಾದರೂ ತೀರಿದರೆ ನೆಂಟರೂ ನೆರೆಯವರೂ ಕೈಕೆಲಸ ಬಿಟ್ಟು ಮಣ್ಣಿಗೆ ಹೋಗುತ್ತಾರೆ. ಮದುವೆಗೆ ಹೋಗದಿದ್ದರೆ ಕ್ಷಮೆಯುಂಟು, ಮಣ್ಣಿಗೆ ಹೋಗದಿದ್ದರೆ ಇಲ್ಲ. 2020 ಮತ್ತು 2021ರ ಮಹಾಮಾರಿಯ ತಿಂಗಳುಗಳಲ್ಲಿ ಎಷ್ಟೋ ಮನೆಗಳವರು ತಮ್ಮ ಹಿರಿಯರ ಮಣ್ಣಿಗೂ ಹೋಗಲಾರದೆ ಉಳಿದರು. ಆ ನೋವು ಇನ್ನೂ ಮಾತಾಗಿ ಹೊರಬಂದಿಲ್ಲವೆಂದು ಮನೆ ಭೇಟಿಯಲ್ಲಿ ಪ್ರತಿಯೊಬ್ಬ ಗುರುವೂ ಕಂಡಿರಬೇಕು.

ಇಷ್ಟನ್ನು ಹೇಳಿ, ಇವೆಲ್ಲವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಸಲ್ಲೇಖನವನ್ನು ರಾಜಸ್ಥಾನದ ಉಚ್ಚ ನ್ಯಾಯಾಲಯ 2015ರಲ್ಲಿ ಅಪರಾಧವೆಂದಾಗಲೂ, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಾಗಲೂ, ಜೀವವನ್ನು ಕೊಟ್ಟಾತನೇ ಅದನ್ನು ಹಿಂದಕ್ಕೆ ಕರೆಯಬೇಕೆಂಬ ನಮ್ಮ ವಿಶ್ವಾಸ ಬದಲಾಗಲಿಲ್ಲ. ಜೈನ ಮುನಿಯ ಉಪವಾಸವನ್ನು ಆತ್ಮಹತ್ಯೆಯೆಂದು ಕರೆಯುವುದು ಅನ್ಯಾಯ, ಅದನ್ನು ಕ್ರೈಸ್ತ ಮರಣದ ಇನ್ನೊಂದು ರೂಪವೆಂದು ಕರೆಯುವುದೂ ಅಸತ್ಯ. ನಮ್ಮ ದೃಷ್ಟಿ ಬೇರೊಂದು ಕಡೆಗಿದೆ. ನಿಷಿಧಿಯ ಕಲ್ಲು ಗೆದ್ದವರನ್ನು ನೆನೆಯುತ್ತದೆ. ಗದ್ದುಗೆಯೂ ಅಷ್ಟೇ, ವೀರಗಲ್ಲೂ ಅಷ್ಟೇ. ನಮ್ಮಲ್ಲಿ ಸಂತರ ಪಟ್ಟಿ ಮಾಡುವ ಕೆಲಸವೂ ಅದೇ. ಆದರೆ ಧರ್ಮಸಭೆ ನವೆಂಬರ್ 1ರಂದು ಗೆದ್ದವರನ್ನು ನೆನೆದು ಅಲ್ಲಿಗೇ ನಿಲ್ಲುವುದಿಲ್ಲ. ಮರುದಿನ, ಗೆದ್ದರೋ ಸೋತರೋ ನಮಗೆ ತಿಳಿಯದ ಎಲ್ಲರನ್ನೂ ನೆನೆಯುತ್ತದೆ. ಕ್ಲೂನಿ ಮಠದ ಒಡೆಯ ಓಡಿಲೋ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ತನ್ನ ಮಠಗಳಲ್ಲಿ ಈ ದಿನವನ್ನು ನಿಲ್ಲಿಸಿದ. ಮೊದಲನೆಯ ಮಹಾಯುದ್ಧದಲ್ಲಿ ಹೆಣಗಳು ಲೆಕ್ಕಕ್ಕೆ ಸಿಗದಿದ್ದ 1915ರಲ್ಲಿ, ಅಂದು ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದೆಂದು ಹದಿನೈದನೆಯ ಬೆನೆಡಿಕ್ಟರು ಅನುಮತಿಯಿತ್ತರು.

ಆರಂಭದ ಕ್ರೈಸ್ತರೂ ಈ ವಿಷಯದಲ್ಲಿ ತಡವರಿಸಿದವರೇ. ಸಂತ ಮೋನಿಕಾ ತನ್ನ ಆಫ್ರಿಕದ ಊರಿನ ರೂಢಿಯಂತೆ ಮಿಲಾನಿನಲ್ಲಿ ರಕ್ತಸಾಕ್ಷಿಗಳ ಸಮಾಧಿಗಳಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸಗಳನ್ನು ಹಿಡಿದು ಹೋದಾಗ, ಬಿಷಪ್ ಆಂಬ್ರೋಸರ ಅಪ್ಪಣೆಯೆಂದು ಬಾಗಿಲಿನವನು ತಡೆದ. ಆಕೆ ಮರುಮಾತಾಡದೆ ಬುಟ್ಟಿಯನ್ನು ಹಿಂದಕ್ಕೆ ಒಯ್ದಳು. ಮಹಾಲಯದ ಎಡೆಯ ವಿಷಯದಲ್ಲಿ ನಮ್ಮ ಹಳ್ಳಿಗಳ ತಾಯಂದಿರು ಗುರುಗಳನ್ನು ಕೇಳುವ ಪ್ರಶ್ನೆಗಳನ್ನು ಕೇಳಿದಾಗಲೆಲ್ಲ ನಮಗೆ ಆ ಬುಟ್ಟಿ ನೆನಪಾಗುತ್ತದೆ. ಅದೇ ಮೋನಿಕಾ 387ರಲ್ಲಿ ಓಸ್ತಿಯಾದಲ್ಲಿ ಸಾಯುವಾಗ, ತನ್ನ ದೇಹವನ್ನು ಎಲ್ಲಿ ಹೂಳಿದರೂ ಸರಿ, ಬಲಿಪೀಠದ ಬಳಿ ತನ್ನನ್ನು ನೆನೆದರೆ ಸಾಕು ಎಂಬರ್ಥದಲ್ಲಿ ಮಕ್ಕಳಿಗೆ ಹೇಳಿದಳು. ಮಗ ಅಗಸ್ಟೀನ್ ಮುಂದೆ ನೋಲದ ಪೌಲಿನರಿಗೆ ಬರೆದ ಕಿರುಗ್ರಂಥದಲ್ಲಿ ಈ ಮಾತನ್ನೇ ವಿಸ್ತರಿಸಿ, ಸಮಾಧಿಯ ಜಾಗ ಸತ್ತವರಿಗೆ ನೆರವಾಗುವುದಕ್ಕಿಂತ ಬದುಕಿರುವವರನ್ನು ಪ್ರಾರ್ಥನೆಗೆ ಎಬ್ಬಿಸುತ್ತದೆ ಎಂದರು. ಜಾಗದ ಹಂಗಿಲ್ಲವೆಂದ ಆ ತಾಯಿಯ ಸಮಾಧಿಲೇಖದ ಚೂರು 1945ರಲ್ಲಿ ಓಸ್ತಿಯಾದ ಮಣ್ಣಿನಲ್ಲಿ ಸಿಕ್ಕಿತು. ಆಕೆ ಬೇಡವೆಂದರೂ ಯಾರೋ ಬರೆದಿದ್ದರು.

ಬರೆಯುವ ಹೊಣೆಯನ್ನು ಧರ್ಮಸಭೆ ಗುರುವಿನ ಕೈಗೆ ಕೊಟ್ಟದ್ದು ತಡವಾಗಿ. ಟ್ರೆಂಟ್ ಮಹಾಸಭೆ 1563ರಲ್ಲಿ ದೀಕ್ಷಾಸ್ನಾನ ಮತ್ತು ವಿವಾಹಗಳ ದಾಖಲೆಯನ್ನು ಕಡ್ಡಾಯ ಮಾಡಿತು. ಮೃತರ ಪುಸ್ತಕ ಎಲ್ಲೆಡೆಯ ನಿಯಮವಾದದ್ದು 1614ರ ರೋಮನ್ ವಿಧಿಗ್ರಂಥದಲ್ಲಿ, ಐದನೆಯ ಪೌಲರ ಕಾಲಕ್ಕೆ. ಧರ್ಮಕೇಂದ್ರದ ಗುರು, ಸತ್ತ ಪ್ರತಿಯೊಬ್ಬರ ಹೆಸರು, ವಯಸ್ಸು, ಸತ್ತ ದಿನ, ಪಡೆದ ಸಂಸ್ಕಾರಗಳು, ಹೂಳಿದ ಜಾಗ, ಇಷ್ಟನ್ನು ತನ್ನ ಕೈಯಾರೆ ಬರೆಯಬೇಕು. ಈ ನಿಯಮ ಎಷ್ಟು ದೊಡ್ಡದೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಅರಸನಿಗೂ ಆಚಾರ್ಯನಿಗೂ ಕಲ್ಲು ನಿಲ್ಲಿಸುತ್ತಿದ್ದ ಲೋಕದಲ್ಲಿ, ದನ ಕಾಯುವವನಿಗೂ ಬಿಷಪ್ಪನಿಗೂ ಒಂದೇ ಅಳತೆಯ ಸಾಲು. ನಿಷಿಧಿ ಗೆದ್ದವರಿಗೆ ಕೊಟ್ಟದ್ದನ್ನು ನಮ್ಮ ಮರಣ ದಾಖಲೆ ಎಲ್ಲರಿಗೂ ಕೊಡುತ್ತದೆ. ಆದರೆ ನಿಷಿಧಿಯಲ್ಲಿ ಗುರು ಯಾರು, ಶಿಷ್ಯ ಯಾರು, ಏನು ಮಾಡಿ ಸತ್ತ ಎಂಬುದಿದೆ. ನಮ್ಮ ಸಾಲಿನಲ್ಲಿ ಅದಾವುದೂ ಇಲ್ಲ. ಎಲ್ಲರಿಗೂ ಜಾಗ ಕೊಟ್ಟೆವು, ಕೊಟ್ಟ ಜಾಗ ಕಿರಿದಾಯಿತು.

ಈ ಕಿರಿದಾದ ಜಾಗದ ಪರಿಣಾಮ ಆ ಸೀಮೆಯ ಕ್ರೈಸ್ತ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರೆಂದು ನಮಗೆ ಗೊತ್ತು. ರಾಯಲ್ ವೈಲ್ಡರ್ 1852ರಲ್ಲಿ ಕೊಲ್ಲಾಪುರಕ್ಕೆ ಬಂದರೆಂದೂ, ಅವರು ತೊಡಗಿದ ಅಮೆರಿಕನ್ ಪ್ರೆಸ್ಬಿಟೇರಿಯನ್ ಕಾರ್ಯ ಮುಂದೆ ನಿಪ್ಪಾಣಿಯವರೆಗೆ ಹಬ್ಬಿತೆಂದೂ ಗೊತ್ತು. ಲಂಡನ್ ಮಿಷನ್ನಿನ ಬೆಳಗಾವಿಯ ಕೆಲಸ 1904ರಲ್ಲಿ ಮೆಥಡಿಸ್ಟರ ಕೈಗೆ ಬಂತು. ಮಿರಜಿನ ಆಸ್ಪತ್ರೆಯನ್ನು 1894ರಲ್ಲಿ ಕಟ್ಟಿದ ವಿಲಿಯಂ ವಾನ್ಲೆಸ್ ಅವರ ಹೆಸರು ಆಸ್ಪತ್ರೆಗೂ ಉಳಿದಿದೆ, ಸಾಂಗಲಿ ಮಿರಜಗಳ ನಡುವಿನ ವಾನ್ಲೆಸವಾಡಿಗೂ ಉಳಿದಿದೆ. ಕಾಗವಾಡ, ಅಥಣಿ, ರಾಯಬಾಗಗಳ ಮೂರು ತಲೆಮಾರು ಬೇನೆ ಬಂದಾಗ ಎತ್ತಿನ ಗಾಡಿ ಹೂಡಿದ್ದು ಆ ಆಸ್ಪತ್ರೆಗೆ. ನಮ್ಮ ಕಥೋಲಿಕ ಸಭೆಯಲ್ಲಿಯೂ, 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದುದು, ಮೈಕೇಲ್ ರೊಡ್ರಿಗಸ್ ಅವರು ಮೊದಲ ಧರ್ಮಾಧ್ಯಕ್ಷರಾದುದು ಗುರುಮಠದ ಮೊದಲ ವರ್ಷದ ವಿದ್ಯಾರ್ಥಿಗೂ ಕಂಠಪಾಠ. ಇವರೆಲ್ಲರ ಸೇವೆ ದೊಡ್ಡದು, ಅದನ್ನು ಕಡಿಮೆ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಟೇಲರ್ ಬೆಳಗಾವಿಯಿಂದ ಹೊರಗೆ ಹೊರಟಾಗ ದಾರಿ ತೋರಿಸಿದವರು ಯಾರು? ವಾನ್ಲೆಸ್ ಶಸ್ತ್ರಕ್ರಿಯೆ ಮಾಡುವಾಗ ರೋಗಿಯ ಕೈ ಹಿಡಿದು ಕನ್ನಡದಲ್ಲಿ ಧೈರ್ಯ ಹೇಳಿದವರು ಯಾರು? ಗುರುಗಳು ತಿಂಗಳಿಗೊಮ್ಮೆ ಬರುತ್ತಿದ್ದ ಹಳ್ಳಿಗಳಲ್ಲಿ ಉಳಿದ ಇಪ್ಪತ್ತೊಂಬತ್ತು ದಿನ ಜಪಮಾಲೆ ಹೇಳಿಸಿದವರು ಯಾರು? ಅಂಥವರು ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಬಹುತೇಕ ಅಂಕಿಗಳಾಗಿ ಬರುತ್ತಾರೆ: ಇಷ್ಟು ಉಪದೇಶಿಗಳು, ಇಷ್ಟು ಬೈಬಲ್ ಸ್ತ್ರೀಯರು.

ಸಿರಾಖನ ಗ್ರಂಥದ ನಲವತ್ತನಾಲ್ಕನೆಯ ಅಧ್ಯಾಯವನ್ನು ನಾವು ಹಿರಿಯರ ಮರಣದ ಪೂಜೆಗಳಲ್ಲಿ ಓದುತ್ತೇವೆ. ಅಲ್ಲಿ ಹೆಸರು ಬಿಟ್ಟುಹೋದವರನ್ನು ಹೊಗಳಿದ ಕೂಡಲೇ, ನೆನೆಯುವವರಿಲ್ಲದೆ, ಹುಟ್ಟಿಯೇ ಇರಲಿಲ್ಲವೆಂಬಂತೆ ಆಗಿಹೋದವರ ಮಾತು ಬರುತ್ತದೆ. ಅವರ ಧರ್ಮಕಾರ್ಯಗಳು ಮರೆಯಾಗಲಿಲ್ಲವೆಂದು ಗ್ರಂಥಕಾರ ಸೇರಿಸುತ್ತಾನೆ. ಇದನ್ನು ಓದಿ ನಾವು ಸಮಾಧಾನಪಟ್ಟುಕೊಳ್ಳುವುದುಂಟು, ದೇವರು ಬಲ್ಲನು ಎಂದು. ದೇವರು ಬಲ್ಲನೆಂಬುದು ನಿಜ. ಅದು ನಮ್ಮ ಸೋಮಾರಿತನಕ್ಕೆ ನೆಪವಾದದ್ದೂ ನಿಜವೇ.

ನಮಗೆ ಈ ಮಾತು ತಟ್ಟಿದ್ದು ಕೆಲವು ವರ್ಷಗಳ ಹಿಂದೆ. ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಉಪದೇಶಿಯೊಬ್ಬರು ತೀರಿಕೊಂಡರು. ಧರ್ಮಕೇಂದ್ರದ ಗುರುಗಳು ಊರಲ್ಲಿರಲಿಲ್ಲ. ಸಮೀಪದಲ್ಲಿದ್ದ ನಮ್ಮನ್ನು ಕರೆದರು. ನಾವು ಹೊರಡುವ ಮೊದಲು ದಾಖಲೆ ಪುಸ್ತಕಗಳನ್ನು ತೆರೆದು ನೋಡಿದೆವು. ದೀಕ್ಷಾಸ್ನಾನದ ಸಾಲಿತ್ತು, ಮದುವೆಯ ಸಾಲಿತ್ತು. ಐವತ್ತು ವರ್ಷ ಅವರು ಮಾಡಿದ್ದೇನು ಎಂಬುದಕ್ಕೆ ಒಂದು ಅಕ್ಷರವೂ ಇರಲಿಲ್ಲ. ಹಾಗಾಗಿ ಲಾಜರನನ್ನು ಎಬ್ಬಿಸಿದ ಶುಭಸಂದೇಶವನ್ನು ಹಿಡಿದು, ಪುನರುತ್ಥಾನದ ಬಗ್ಗೆ ಹದಿನೈದು ನಿಮಿಷ ಸರಿಯಾಗಿಯೇ ಪ್ರಬೋಧನೆ ಮಾಡಿದೆವು. ಮಣ್ಣು ಮುಗಿದ ಮೇಲೆ ಮೃತರ ಸಂಬಂಧದ ಹಿರಿಯ ಹೆಂಗಸೊಬ್ಬರು ಹತ್ತಿರ ಬಂದು, ಬೈಯುವ ದನಿಯಲ್ಲದೆ, ಹೇಳಿದರು: "ಸ್ವಾಮ್ಯಾರ, ನೀವು ಹೇಳಿದ್ದೆಲ್ಲಾ ಖರೆ ಐತ್ರಿ. ಆದ್ರ ಅದನ್ನ ಯಾರ ಸತ್ರೂ ಹೇಳಬಹುದಿತ್ತಲ್ರಿ?"

ನಾವು ಉತ್ತರ ಕೊಡಲಿಲ್ಲ, ಕೊಡಲು ಇರಲೂ ಇಲ್ಲ. ಆ ಮಾತಿನ ಹಿಂದೆ ಏನಿತ್ತೆಂದು ತಿಳಿದದ್ದು ಸಂಜೆ, ಅದೇ ಮನೆಯ ಪಡಸಾಲೆಯಲ್ಲಿ. ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಣದ ಮುಂದೆ, ಮತ್ತೆ ಮಣ್ಣಾದ ಮೇಲೆಯೂ, ಹೆಂಗಸರು ಸತ್ತವರನ್ನು ಹೆಸರು ಹಿಡಿದು ಕರೆಯುತ್ತ, ಅವರ ಬದುಕಿನ ಒಂದೊಂದು ಸಂಗತಿಯನ್ನು ರಾಗದಲ್ಲಿ ಎತ್ತಿ ಹೇಳುತ್ತಾರೆ. ನಮ್ಮಲ್ಲಿ ಕೆಲವು ಗುರುಗಳು ಇದನ್ನು ವಿಶ್ವಾಸದ ಕೊರತೆಯೆಂದು ನಿಲ್ಲಿಸಲು ನೋಡಿದ್ದುಂಟು. ಅಂದು ನಾವು ಕುಳಿತು ಕೇಳಿದೆವು. ಕಬ್ಬಿನ ಗದ್ದೆಗಳ ನಡುವೆ ಕಂದೀಲು ಹಿಡಿದು ಮೂರು ಹಳ್ಳಿ ನಡೆಯುತ್ತಿದ್ದರಂತೆ. ಓದು ಬಾರದವರಿಗೆ ಜಪಗಳನ್ನು ಭಜನೆಯ ಧಾಟಿಯಲ್ಲಿ ಕಲಿಸಿದರಂತೆ. 1972ರ ಬರಗಾಲದಲ್ಲಿ ಹಂಚಲು ಬಂದ ಜೋಳವನ್ನು ಅಳೆಯುವಾಗ ತಮ್ಮ ಮನೆಯ ಪಾಲನ್ನು ಕೊನೆಗೆ ಅಳೆದುಕೊಂಡರಂತೆ, ಕೊನೆಗೆ ಉಳಿದಿದ್ದು ನುಚ್ಚಂತೆ. ಇಷ್ಟರಲ್ಲಿಯೇ ನಿಂತಿದ್ದರೆ ಅದೂ ಒಂದು ಸಂತಚರಿತ್ರೆಯಾಗುತ್ತಿತ್ತು. ಅಳು ಮುಂದುವರಿಯಿತು. ಹೊಲದ ಬದುವಿನ ಜಗಳದಲ್ಲಿ ಒಡಹುಟ್ಟಿದವನೊಡನೆ ಒಂಬತ್ತು ವರ್ಷ ಮಾತು ಬಿಟ್ಟರಂತೆ. ತಮ್ಮ ಸತ್ತಾಗ ಹೋದರಂತೆ, ತಡವಾಗಿತ್ತಂತೆ.

ಪಾಪವನ್ನೂ ಪ್ರೀತಿಯನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡನ್ನೂ ದೇವರ ಮುಂದೆ ಇಡುವ ಈ ಬಗೆ ನಮಗೆ ಗೆದ್ದವರ ಕಲ್ಲುಗಳಲ್ಲಿ ಸಿಗುವುದಿಲ್ಲ. ಇದು ನವೆಂಬರ್ 2ರ ಭಾಷೆ. ಮೃತರಿಗಾಗಿ ಪ್ರಾರ್ಥಿಸುವ ಸಭೆ ಮೃತರ ತಪ್ಪುಗಳನ್ನು ಮುಚ್ಚಿಡಬೇಕಾಗಿಲ್ಲ. ತಪ್ಪೇ ಇರದಿದ್ದರೆ ಪ್ರಾರ್ಥನೆ ಏತಕ್ಕೆ? ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಯೂದನು ಕಾಣಿಕೆ ಕಳುಹಿಸಿದ್ದು ನಿಷ್ಕಳಂಕರಿಗಾಗಿ ಅಲ್ಲ, ಅಂಗಿಯೊಳಗೆ ವಿಗ್ರಹಗಳ ತಾಯಿತಗಳನ್ನು ಮರೆಸಿಟ್ಟುಕೊಂಡು ಸತ್ತ ಸೈನಿಕರಿಗಾಗಿ. ಮರಣಶಾಸ್ತ್ರವನ್ನು ಬೋಧಿಸುವ ನಾವು ಶುದ್ಧೀಕರಣ ಸ್ಥಳವನ್ನು ಕುರಿತು ಫ್ಲಾರೆನ್ಸ್ ಮತ್ತು ಟ್ರೆಂಟ್ ಮಹಾಸಭೆಗಳ ನಿರ್ಣಯಗಳನ್ನು ಪಾಠ ಹೇಳುತ್ತೇವೆ. ಆ ನಿರ್ಣಯಗಳು ಯಾವ ಅಳುವಿಗೆ ಉತ್ತರವಾಗಿ ಬಂದವೋ ಆ ಅಳುವನ್ನು ಆಕರವೆಂದು ನಾವು ಇನ್ನೂ ಒಪ್ಪಿಕೊಂಡಿಲ್ಲ.

ಒಪ್ಪಿಕೊಂಡರೆ ತೊಡಕುಗಳೂ ಬರುತ್ತವೆ, ಅವುಗಳಲ್ಲಿ ಒಂದನ್ನು ಹೇಳದೆ ಬಿಡುವುದು ಪ್ರಾಮಾಣಿಕವಾಗದು. ಆ ಸೀಮೆಯ ನಮ್ಮ ಹಿರಿಯರಲ್ಲಿ ಬಹಳ ಮಂದಿ ಅಸ್ಪೃಶ್ಯರೆನಿಸಿಕೊಂಡ ಜಾತಿಗಳಿಂದ ಬಂದವರು. ಡಾ. ಅಂಬೇಡ್ಕರ್ ಅವರು 1925ರ ಏಪ್ರಿಲಿನಲ್ಲಿ ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದಾಗ ಆ ಹಳ್ಳಿಗಳಲ್ಲಿ ಎದ್ದ ಸಂಚಲನವನ್ನು ಬಾಲ್ಯದಲ್ಲಿ ತಂದೆತಾಯಿಗಳ ಬಾಯಲ್ಲಿ ಕೇಳಿದ ತಲೆಮಾರು ಈಗ ಹೋಗುತ್ತಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಕ್ರೈಸ್ತರಾದವರನ್ನು ಪಟ್ಟಿಯಿಂದ ಹೊರಗಿಟ್ಟಿತು. ಸಿಖ್ಖರಿಗಾಗಿ 1956ರಲ್ಲಿ, ಬೌದ್ಧರಿಗಾಗಿ 1990ರಲ್ಲಿ ತಿದ್ದುಪಡಿಯಾಯಿತು, ಕ್ರೈಸ್ತರಿಗೆ ಆಗಲಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಒಬ್ಬ ಮನುಷ್ಯನಿಗೆ ಎರಡು ಹೆಸರು: ಶಾಲೆಯ ದಾಖಲೆಯಲ್ಲಿ ಒಂದು, ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು. ಗಡಿಯ ಊರುಗಳಲ್ಲಿ ಇದಕ್ಕೆ ಲಿಪಿಯ ತೊಡಕೂ ಸೇರುತ್ತದೆ. ಒಂದೇ ಮನೆತನದ ಅಡ್ಡಹೆಸರು ಒಂದು ಪುಸ್ತಕದಲ್ಲಿ ಕನ್ನಡದ ರೂಪದಲ್ಲಿ, ಇನ್ನೊಂದರಲ್ಲಿ ಮರಾಠಿಯ ರೂಪದಲ್ಲಿ, ಮತ್ತೊಂದರಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಕಾಣಿಸಿ, ಮೂರೂ ಒಂದೇ ಎಂದು ಹೇಳ ಬಲ್ಲವರು ಮನೆಯ ಮುದುಕರು ಮಾತ್ರ. ಮನುಷ್ಯ ಸತ್ತಾಗ ಶಿಲುಬೆಯ ಮೇಲೆ ಯಾವ ಹೆಸರು ಬರೆಯಬೇಕು? ಮಕ್ಕಳಿಗೆ ನಾಳೆ ಪ್ರಮಾಣಪತ್ರ ಬೇಕು, ಹಾಗಾಗಿ ಬರಿಯ ಶಿಲುಬೆ ಸಾಕೆನ್ನುತ್ತಾರೆ. ಹೆಸರಿಲ್ಲದ ಶಿಲುಬೆಗಳನ್ನು ಕಂಡು ಜನರ ಅಲಕ್ಷ್ಯವೆಂದು ಗೊಣಗುವ ಗುರು ಮೊದಲು ಈ ಆದೇಶವನ್ನು ಓದಬೇಕು. ಎಲ್ಲವನ್ನೂ ಬರೆದಿಡಬೇಕೆಂಬ ನಮ್ಮ ಹಂಬಲ ಬದುಕಿರುವವರಿಗೆ ಕುತ್ತು ತರಬಾರದು. ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಮನೆಯವರದು, ನಮ್ಮದಲ್ಲ.

ನೀರಿನ ಕಾಟ ಬೇರೆ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಈ ಐದೂ ತಾಲೂಕುಗಳ ನದಿದಂಡೆಯ ಹಳ್ಳಿಗಳು ಮುಳುಗಿದವು. ಮನೆಗಳ ಟ್ರಂಕುಗಳಲ್ಲಿದ್ದ ಫೋಟೋಗಳು, ಹಳೆಯ ಜಪಪುಸ್ತಕಗಳು, ಅವುಗಳ ಹಿಂಬದಿಯ ಹಾಳೆಗಳಲ್ಲಿ ಅಜ್ಜಂದಿರು ಗೀಚಿಟ್ಟ ಹುಟ್ಟುಸಾವಿನ ತಾರೀಖುಗಳು ಕೊಳೆತುಹೋದವು. ಕಾಗವಾಡದ ಕಲ್ಲು ಆರು ಶತಮಾನಗಳ ಮಳೆಗಾಲಗಳನ್ನು ಕಳೆದಿದೆ. ಕಾಗದಕ್ಕೆ ಆ ಆಯುಷ್ಯವಿಲ್ಲ, ಮುದುಕಿಯರ ಗಂಟಲಿಗೆ ಇನ್ನೂ ಕಡಿಮೆ.

ಆ ಮಣ್ಣಿನ ಮರುವಾರ ನಾವು ಮತ್ತೆ ಆ ಹಳ್ಳಿಗೆ ಹೋದೆವು. ಹಿಂದಿನ ಸಲ ಮಾತಾಡಿದ ಆಯಿಯೇ ಕುಳಿತು ಹೇಳಿದರು, ಜೊತೆಗಿದ್ದ ಗುರುಮಠದ ವಿದ್ಯಾರ್ಥಿ ಬರೆದುಕೊಂಡ. ಉಪದೇಶಿಗೆ ಜಪ ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ಕೇಳುತ್ತ ಹೋದಾಗ ನಾಲ್ಕು ಹೆಸರು ಹಿಂದಕ್ಕೆ ಸಿಕ್ಕವು. ನಾಲ್ಕರಲ್ಲಿ ಎರಡು ಹೆಂಗಸರವು. ಅತಿ ಹಿಂದಿನವರು ಮಿರಜಿನ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದವರಂತೆ, ಹಾಸಿಗೆ ಹಿಡಿದವರಿಗೆ ಓದಿ ಹೇಳುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು ಊರಿಗೆ ತಂದರಂತೆ. ಗುರುಶಿಷ್ಯ ಪರಂಪರೆಯ ಈ ನಾಲ್ಕು ಹೆಸರುಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ನಮಗೆ ಕಾಗವಾಡದ ಶಾಸನ ನೆನಪಾಯಿತು. ಈ ಲೇಖನ ಹುಟ್ಟಿದ್ದು ಆಗಲೇ.

ಮರಣ ದಾಖಲೆಯಲ್ಲಿ ಕೊನೆಗೊಂದು ಷರಾ ಕಾಲಮ್ಮು ಇರುತ್ತದೆ, ಬೆರಳಗಲದ್ದು. ಆ ವಿದ್ಯಾರ್ಥಿ ಬರೆದ ಎರಡು ಪುಟಗಳನ್ನು ಧರ್ಮಕೇಂದ್ರದ ಗುರುಗಳ ಒಪ್ಪಿಗೆ ಪಡೆದು, ಮನೆಯವರಿಗೆ ಓದಿ ಹೇಳಿ, ಅವರು ಬೇಡವೆಂದ ಒಂದು ಸಂಗತಿಯನ್ನು ಬಿಟ್ಟು, ಆ ಸಾಲಿನ ಪಕ್ಕಕ್ಕೆ ಅಂಟಿಸಿದೆವು. ತಮ್ಮನೊಡನೆಯ ಜಗಳವನ್ನು ತೆಗೆಯಬೇಕೇ ಎಂದು ನಾವು ಕೇಳಿದೆವು. ಆಯಿ ಬೇಡವೆಂದರು. "ಅದಕ್ಕ ಅಲ್ರಿ ಪೂಜಿ ಮಾಡ್ಸೂದು?" ಎಂದು ನಮ್ಮನ್ನೇ ಕೇಳಿದರು. ಹೊರಡುವಾಗ, ತಮ್ಮ ತಾಯಿಯ ಹೆಸರೂ ಪುಸ್ತಕದಲ್ಲಿ ಇದೆಯೇ ಎಂದು ವಿಚಾರಿಸಿದರು. ಹುಡುಕಿ ಹೇಳುತ್ತೇವೆ ಎಂದೆವು. ಬರಗಾಲದ ವರ್ಷದ ಪುಟಗಳಲ್ಲಿ ಆ ಹೆಸರು ಸಿಕ್ಕಿತು: ಹೆಸರು, ಅಂದಾಜು ವಯಸ್ಸು, ಜ್ವರ. ಷರಾ ಕಾಲಮ್ಮು ಖಾಲಿ ಇತ್ತು. ಆ ಹಳ್ಳಿಗೆ ಇನ್ನೊಮ್ಮೆ ಹೋಗಬೇಕಾಗಿದೆ.